ಕೂತವನು ಎಲ್ಲಿ ಹೋದ?

  

ರೇಡಾರ್ ಬಗ್ಗೆ ನನ್ನದು ಹಳೆಯ ತಕರಾರು. ಮನುಷ್ಯರನ್ನು ಹುಡುಕಲು ಹೊರಟ ನಾವು ಚಲನೆಯನ್ನು ಹುಡುಕುವ ಯಂತ್ರ ಮಾಡಿ, ಎರಡೂ ಒಂದೇ ಅಂದುಕೊಂಡೆವು.

24 ಗಿಗಾಹರ್ಟ್ಸ್ ರೇಡಾರ್‌ನ ಎದುರಿಗೆ ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ನಡೆದು ಬರುವವನ ಡಾಪ್ಲರ್, ಅಂದರೆ ಮರಳುವ ಅಲೆಯ ಆವರ್ತನದಲ್ಲಾಗುವ ಬದಲಾವಣೆ, ಸುಮಾರು 220 ಹರ್ಟ್ಸ್. ಕಿವಿಗೆ ಕೇಳುವಷ್ಟು. ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿ ಬಿಇಎಲ್ ಕಾರ್ಖಾನೆ ತಯಾರಿಸಿದ ಯುದ್ಧಭೂಮಿ ರೇಡಾರ್‌ನಲ್ಲಿ ಸೈನಿಕ ಹೆಡ್‌ಫೋನ್ ಹಾಕಿಕೊಂಡು ಇಂಥ ದನಿಯನ್ನು ಕೇಳುತ್ತಾನೆ.  ನಾನು ನೋಡುವುದು ಆ ರೇಡಾರ್‌ನ ವ್ಯಾಪ್ತಿಯ ಪಟ್ಟಿಯನ್ನು: ತೆವಳುವವನಿಗೆ ಸುಮಾರು ಅರ್ಧ ಕಿಲೋಮೀಟರ್, ನಡೆಯುವವನಿಗೆ ಎರಡು. ಕೂತವನಿಗೆ ಸಾಲೇ ಇಲ್ಲ.

ಸೀತನಿ ಕಾಲದಲ್ಲಿ ನಮ್ಮಪ್ಪ ಜೋಳದ ಹೊಲ ಕಾಯಲು ನನ್ನನ್ನೂ ಕರೆದೊಯ್ಯುತ್ತಿದ್ದರು. ಒಂದು ರಾತ್ರಿ ಸರಸರ ಸಪ್ಪಳ ಕೇಳಿ ಥಟ್ಟನೆ ನಿಂತಿತು. ‘ಹೋದನೇನಪ್ಪ?’ ಅಂದೆ. ‘ಸಪ್ಪಳ ನಿಂತ್ರ ಕಳ್ಳ ಹೋದಾಂತಲ್ಲೋ, ಕುಂತಾನಂತ’ ಅಂದರು. ನಮ್ಮ ತಂತ್ರಾಂಶಕ್ಕೆ ಇಷ್ಟು ಬುದ್ಧಿ ಇನ್ನೂ ಬಂದಿಲ್ಲ. ಅಲುಗದ್ದನ್ನೆಲ್ಲ ಗೋಡೆ, ಕಪಾಟು ಎಂದು ಕಳೆದುಹಾಕುತ್ತದೆ.

ಹಿಂದೊಮ್ಮೆ ಶಹಾಪುರದ ನೆಂಟರ ಮನೆಯಲ್ಲಿ ಪುಟ್ಟ ರೇಡಾರ್ ಇಟ್ಟು ಜಂಬ ತೋರಿಸಲು ಹೋದೆ. ಮಂಚದ ಮೇಲೆ ಮಾವ ಮಲಗಿದ್ದರು. ಪರದೆಯ ಮೇಲೆ ಒಬ್ಬರು ಕಂಡರು, ಆದರೆ ಮಾವನಲ್ಲ, ತಿರುಗುವ ಫ್ಯಾನು! ‘ಬೆಟ್ಟದ ಬುದ್ಧನಂಗ ನಾನೂ ಕಲ್ಲಾದೆನೇನೋ?’ ಎಂದು ಅವರು ನಕ್ಕರು. ಶಹಾಪುರದ ಗುಡ್ಡ ಬುದ್ಧ ಮಲಗಿದಂತೆ ಕಾಣುತ್ತದೆ.

ನಗೆಯ ಮಾತು ಇರಲಿ. ವೃದ್ಧರು ಬಿದ್ದರೆ ತಿಳಿಸುವ ಸಾಧನ ಮಾಡುತ್ತಿದ್ದೇವೆ. ಬಿದ್ದವರು ಅಲುಗುವುದಿಲ್ಲ. ಬೇಕಾದ ಹೊತ್ತಿಗೇ ಪರದೆ ಖಾಲಿ!

ಹಾಗಾದರೆ ನಿಂತವನ ಜಾಡನ್ನು ಎಷ್ಟು ಹೊತ್ತು ಉಳಿಸಿಕೊಳ್ಳಬೇಕು? ಬೇಗ ಅಳಿಸಿದರೆ ಮನುಷ್ಯ ಮಾಯ, ತಡಮಾಡಿದರೆ ಕೋಣೆ ತುಂಬ ದೆವ್ವ. ಕೂತವನೂ ಉಸಿರಾಡುತ್ತಾನಲ್ಲ: ಎದೆ ಕೆಲವೇ ಮಿಲಿಮೀಟರ್ ಏರಿಳಿಯುತ್ತದೆ, ಒಂದು ಉಸಿರಿಗೆ ಮೂರು-ನಾಲ್ಕು ಸೆಕೆಂಡ್. ಅಷ್ಟೂ ತಾಳದೆ ನಾವು ಹೆಸರು ಹೊಡೆದುಹಾಕಿರುತ್ತೇವೆ. ತಾಳಿದರೂ, ಗಾಳಿಗೆ ತೂಗುವ ಪರದೆ ಬಟ್ಟೆಯನ್ನು ಉಸಿರೆಂದು ನಂಬಬಹುದು. ಇಪ್ಪತ್ತು ವರ್ಷದಿಂದ ನಾನು ಇಲ್ಲೇ ಸಿಕ್ಕಿಕೊಂಡಿದ್ದೇನೆ. ಆದರೂ ದಾರಿ ಇಲ್ಲದಿಲ್ಲ. 2015ರ ನೇಪಾಳ ಭೂಕಂಪದಲ್ಲಿ ನಾಸಾದ ಫೈಂಡರ್ ರೇಡಾರ್ ಅವಶೇಷಗಳಡಿಯ ನಾಲ್ವರನ್ನು ಎದೆಬಡಿತದಿಂದಲೇ ಗುರುತಿಸಿತ್ತು.

ಇವತ್ತು ಪ್ರಬಂಧ ಮಂಡಿಸುವವರಲ್ಲಿ ಒಂದೇ ವಿನಂತಿ: ನಿಖರತೆಯ ಶೇಕಡಾವಾರು ಆಮೇಲೆ ಹೇಳಿ. ನಡೆಯುತ್ತಿದ್ದವನು ಕೂತ ಮೇಲೆ ಎಷ್ಟು ಸೆಕೆಂಡಿಗೆ ನಿಮ್ಮ ಪರದೆಯಿಂದ ಮರೆಯಾದ, ಅದನ್ನು ಮೊದಲು ಹೇಳಿ.