ಗಡಿ ದಾಟಿದ ಕಾರು, ದಾಟದ ಹೆಸರು

(ಪುಣೆಯ ನಮ್ಮ ಕನ್ನಡ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)

ಕಾರ್ಯದರ್ಶಿಗಳು ಫೋನ್ ಮಾಡಿ, "ಊರಿಂದ ಕಾರು ತಂದ್ರಲ್ಲ, ಅದರ ಬಗ್ಗೆ ಹತ್ತು ನಿಮಿಷ ಮಾತಾಡಿ" ಅಂದಾಗ ನನಗೆ ಮುಜುಗರವಾಯಿತು. ಯಾಕೆಂದರೆ ನಾನು ಆ ಕೆಲಸವನ್ನು ಚೆನ್ನಾಗಿ ಮಾಡಿದವಳಲ್ಲ, ಕೆಡಿಸಿ ಆಮೇಲೆ ಸರಿಮಾಡಿಕೊಂಡವಳು. ಆದ್ದರಿಂದ ಕೆಡಿಸಿದ್ದನ್ನೇ ಮೊದಲು ಹೇಳುತ್ತೇನೆ.

ನಮ್ಮ ಅತ್ಯಾ, ಅಂದರೆ ಅಪ್ಪನ ಅಕ್ಕ, ಧಾರವಾಡದಲ್ಲಿದ್ದಾರೆ. 2022ರ ಜುಲೈನಲ್ಲಿ ಮಾಮಾ ತೀರಿಕೊಂಡರು. ಅವರ 2015ರ ಪೆಟ್ರೋಲ್ ಕಾರು ಅಂಗಳದಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಅತ್ಯಾಗೆ ಡ್ರೈವಿಂಗ್ ಬರುವುದಿಲ್ಲ. ಮಕ್ಕಳಲ್ಲಿ ಒಬ್ಬ ಬೆಂಗಳೂರು, ಇನ್ನೊಬ್ಬ ಅಮೆರಿಕ. ದೀಪಾವಳಿಗೆ ಹೋದಾಗ, "ನೀನs ಒಯ್ಯವ್ವಾ, ಇಲ್ಲಿ ಇಲಿ ವಾಯರ್ ಕಡೀತಾವ" ಅಂದರು. ನಮಗೂ ಒಂದು ಕಾರು ಬೇಕಾಗಿತ್ತು. ದುಡ್ಡು ಬೇಡ ಅಂತ ಅವರ ಹಠ, ಕೊಟ್ಟೇ ಒಯ್ಯುತ್ತೇನೆ ಅಂತ ನನ್ನ ಹಠ. ಕೊನೆಗೆ ಎರಡು ಲಕ್ಷ ಅವರ ಖಾತೆಗೆ ಹಾಕಿದೆ. ಮಾಮಾ ಹಳದಿ ಫೈಲಿನಲ್ಲಿ ಶೋರೂಮಿನ ಬಿಲ್ಲಿನಿಂದ ಹಿಡಿದು ಸರ್ವೀಸ್ ರಸೀದಿಯವರೆಗೆ ಎಲ್ಲ ಇಟ್ಟಿದ್ದರು. ಫೈಲು ಸೀಟಿನ ಮೇಲಿಟ್ಟುಕೊಂಡು ಹೊರಟೆ. ಬೆಳಗಾವಿ, ನಿಪ್ಪಾಣಿ, ಕೊಗನೊಳ್ಳಿ ಟೋಲ್, ಕಾಗಲ್. ಯಾರೂ ಕೈ ಅಡ್ಡ ಹಾಕಲಿಲ್ಲ, ಏನೂ ಕೇಳಲಿಲ್ಲ. ಫಾಸ್ಟ್ಯಾಗ್ ಕುಂಯ್ ಅಂದಿತು, ಮಹಾರಾಷ್ಟ್ರ ಬಂತು. ಗಡಿ ದಾಟುವುದು ಅಂದರೆ ಇಷ್ಟೇ ಅಂದುಕೊಂಡೆ.

ಕಚೇರಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: "ಬೇರೆ ರಾಜ್ಯದ ನಂಬರಿಗೆ ಒಂದು ವರ್ಷ ಟೈಮ್ ಇದೆ, ಏನವಸರ?" ಮಾತು ಸುಳ್ಳಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರ್ ಪಡೆಯಬೇಕು. ಆದರೆ ಆ ಒಂದು ವರ್ಷ ಇರುವುದು ನಂಬರ್ ಬದಲಿಸಲಿಕ್ಕೆ, ಮಾಲೀಕರ ಹೆಸರು ಬದಲಿಸಲಿಕ್ಕಲ್ಲ. ಈ ಎರಡನ್ನೂ ನಾನು ಒಂದೇ ಎಂದು ತಿಳಿದೆ. ನಾನು ಎಂ.ಟೆಕ್. ಮಾಡಿದವಳು, ಹೊಟ್ಟೆಪಾಡಿಗೆ ಮಾಡುವುದು ಡೇಟಾಬೇಸ್ ಮೈಗ್ರೇಷನ್. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಎಲ್ಲ ಸಾಗಿಸಿ, ಓನರ್ ಅನ್ನುವ ಕಾಲಂ ಒಂದನ್ನು ಹಾಗೇ ಬಿಟ್ಟೆ. ಜೂನಿಯರ್ ಹುಡುಗರು ಹೀಗೆ ಮಾಡಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

2023ರ ಫೆಬ್ರವರಿಯಲ್ಲಿ ಒಂದು ರಾತ್ರಿ ಅತ್ಯಾನ ಫೋನು. ದನಿ ನಡುಗುತ್ತಿತ್ತು. "ನಿಮ್ಮ ಮಾಮಾ ಹೋಗಿ ಏಳು ತಿಂಗಳಾತು, ಈಗ ಅವರ ಹೆಸರಿಗೆ ಪೊಲೀಸರ ದಂಡ ಬಂದದ ನೋಡು. ಏನ್ ಮಾಡ್ಯಾರ ಅವರು?" ಮಾಮಾನ ಮೊಬೈಲನ್ನು ಅತ್ಯಾ ಆರಿಸಿರಲಿಲ್ಲ. ದಿನಾ ಚಾರ್ಜ್ ಮಾಡಿ ದೇವರ ಕೋಣೆಯ ಹತ್ತಿರ ಇಡುತ್ತಿದ್ದರು. ಎಕ್ಸ್‌ಪ್ರೆಸ್‌ವೇ ಮೇಲೆ ನಾನು ವೇಗ ಮೀರಿದ್ದಕ್ಕೆ ಕ್ಯಾಮೆರಾ ಹಿಡಿದ ಚಲನ್ ಆ ಮೊಬೈಲಿಗೆ ಹೋಗಿತ್ತು. ಐವತ್ತು ವರ್ಷ ಯಾರ ಒಂದು ಮಾತು ಕೇಳದೆ ಬದುಕಿದ ಮನುಷ್ಯನ ಹೆಸರಿಗೆ, ಸತ್ತ ಮೇಲೆ, ನಾನು ದಂಡ ತಂದಿದ್ದೆ. ಅತ್ಯಾ ಎರಡು ದಿನ ಯಾರಿಗೂ ಹೇಳದೆ ಅದನ್ನು ಇಟ್ಟುಕೊಂಡು ಕೂತಿದ್ದರಂತೆ.

ದಂಡವನ್ನು ಆ ರಾತ್ರಿಯೇ ಕಟ್ಟಿದೆ. ಆಮೇಲೆ ನಿದ್ದೆ ಬರಲಿಲ್ಲ, ಹಳದಿ ಫೈಲು ತೆಗೆದೆ. ವಿಮೆಯ ಪಾಲಿಸಿ ಮಾರ್ಚ್‌ವರೆಗೆ ಇತ್ತು, ಮಾಮಾನ ಹೆಸರಿನಲ್ಲಿ. ನಿಬಂಧನೆ ಓದುತ್ತ ಹೋದಾಗ ಕೈಕಾಲು ತಣ್ಣಗಾದವು. ಪಾಲಿಸಿದಾರರು ತೀರಿಕೊಂಡರೆ ಪಾಲಿಸಿ ಮೂರು ತಿಂಗಳು ಅಥವಾ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ವಾರಸುದಾರರ ಹೆಸರಿಗೆ ಆಗಬೇಕು. ಜುಲೈಗೆ ಮೂರು ತಿಂಗಳು ಕೂಡಿಸಿ. ನಾನು ಕೊಗನೊಳ್ಳಿ ದಾಟುವ ಮೊದಲೇ ಅದು ಮುಗಿದಿತ್ತು. ನವೆಂಬರಿನಿಂದ ದಿನಾ ಹಿಂಜವಡಿಗೆ ಹೋಗಿ ಬಂದಿದ್ದೇನೆ, ಮಗಳನ್ನು ಶಾಲೆಗೆ ಬಿಟ್ಟಿದ್ದೇನೆ, ಎಲ್ಲ ವಿಮೆಯಿಲ್ಲದ ಹಾಗೆಯೇ. ಯಾರಿಗಾದರೂ ಗುದ್ದಿದ್ದರೆ? 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಪ್ರಕರಣದಲ್ಲಿ, ಕಾರು ಕೈಯಿಂದ ಕೈಗೆ ಎಷ್ಟು ಸಲ ಮಾರಿಹೋಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಹೇಳಿದೆ. ನಮ್ಮ ದಾಖಲೆಯಲ್ಲಿದ್ದ ಹೆಸರಿನವರು ಇರಲೇ ಇಲ್ಲ. ಹಾಗಾದರೆ ಕೋರ್ಟಿನ ಕಾಗದ ಹಿಡಿದವರು ಯಾರ ಬಾಗಿಲಿಗೆ ಬರುತ್ತಿದ್ದರು? ಧಾರವಾಡದ ಆ ಅಂಗಳಕ್ಕೇ ತಾನೆ?

ಮರುದಿನ ಕಾರನ್ನು ಸೊಸೈಟಿಯ ಮೂಲೆಯಲ್ಲಿ ನಿಲ್ಲಿಸಿ ಬೀಗ ಹಾಕಿದೆ. ಎರಡು ತಿಂಗಳು ಬಸ್ಸು, ರಿಕ್ಷಾ. ಯಜಮಾನರು ಒಮ್ಮೆ, "ಹಾಲಿಗೆ ಮಾತ್ರ ಹೋಗಿ ಬರ್ಲಾ?" ಅಂದರು. ನಾನು ನೋಡಿದ ನೋಟಕ್ಕೆ ನಡೆದೇ ಹೋದರು.

ಈಗ ಕಾಗದದ ದಾರಿ. ಮಾಮಾನ ಹೆಸರಿನಿಂದ ನೇರ ನನ್ನ ಹೆಸರಿಗೆ ಜಿಗಿಯುವುದು ಬೇಡ ಎಂದು ಮೊದಲು ಅತ್ಯಾನ ಹೆಸರಿಗೆ ಮಾಡಿಸಿದೆವು. ಅದಕ್ಕೆ ಫಾರ್ಮ್ 31. ಮಾಲೀಕರು ತೀರಿಕೊಂಡ ಮೂವತ್ತು ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ನಮ್ಮದು ಎರಡೂ ಮೀರಿತ್ತು, ತಡವಾದದ್ದಕ್ಕೆ ಕಟ್ಟಿದೆವು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಇಬ್ಬರು ಮಕ್ಕಳ ಒಪ್ಪಿಗೆ ಪತ್ರ. ಅಮೆರಿಕದವನ ಸಹಿ ಬರುವುದಕ್ಕೇ ಹೆಚ್ಚು ದಿನ ಹಿಡಿಯಿತು.

ಅಲ್ಲಿಂದ ಮುಂದೆ ನಮ್ಮಲ್ಲಿ ಬಹಳ ಜನರಿಗೆ ಬೇಕಾಗುವ ಭಾಗ. ಹಳೆಯ ಆರ್.ಟಿ.ಓ.ದಿಂದ ಎನ್.ಓ.ಸಿ. ತರಬೇಕು, ಅದು ಫಾರ್ಮ್ 28. ಚಾಸಿ ನಂಬರನ್ನು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದು ಅಂಟಿಸಬೇಕು. ಬಾಕಿ ಚಲನ್ ಇದ್ದರೆ ಕೆಲಸ ಮುಂದೆ ಹೋಗುವುದಿಲ್ಲ. ಸಾಲದ ಕಾರಾದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬೇಕು. ಸಾಲ ತೀರಿಸಿ ವರ್ಷಗಳಾದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿರುತ್ತದೆ, ಮನೆಗೆ ಹೋಗಿ ಒಮ್ಮೆ ನೋಡಿಕೊಳ್ಳಿ. ಮಾರಾಟಕ್ಕೆ ಫಾರ್ಮ್ 29 ಮತ್ತು 30. ಕಾರು ಬೇರೆ ರಾಜ್ಯಕ್ಕೆ ಹೋಗುವುದಾದರೆ ಮಾರಿದವರು 45 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ಹೊಸ ನಂಬರಿಗೆ ಫಾರ್ಮ್ 27. ಜೊತೆಗೆ ಮಹಾರಾಷ್ಟ್ರದ ತೆರಿಗೆ. ಹತ್ತು ಲಕ್ಷದೊಳಗಿನ ಹೊಸ ಪೆಟ್ರೋಲ್ ಕಾರಿಗೆ ಇಲ್ಲಿ ಶೇಕಡಾ 11. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ. ಲೆಕ್ಕ ಮೊದಲ ಬಿಲ್ಲಿನ ಮೇಲೆ. ಮಾಮಾನ ಹಳದಿ ಫೈಲಿಗೆ ಅಲ್ಲಿ ಕೈಮುಗಿದೆ. ಕರ್ನಾಟಕದಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯಲ್ಲಿ ಉಳಿದ ಭಾಗ ವಾಪಸು ಕೇಳಬಹುದು. ಆದರೆ ಮೊದಲು ಇಲ್ಲಿ ಕಟ್ಟಿ, ಆಮೇಲೆ ಅಲ್ಲಿ ಕೇಳಬೇಕು. ಅಂದರೆ ಕೆಲವು ಕಾಲ ಎರಡೂ ಕಡೆಯ ದುಡ್ಡು ನಮ್ಮದೇ.

ಪದೇ ಪದೇ ವರ್ಗವಾಗುವವರಿಗೆ 2021ರಿಂದ ಬಿ.ಎಚ್. ಸರಣಿಯ ನಂಬರ್ ಇದೆ. ಖಾಸಗಿ ಕಂಪನಿಯವರಾದರೆ ಕಂಪನಿಯ ಕಚೇರಿ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿರಬೇಕು. ಇನ್ನು, ಮೊನ್ನೆ ಒಬ್ಬರು ದುಬೈನಿಂದ ಮಗನ ಕಾರು ತರಬಹುದಾ ಅಂತ ಕೇಳಿದರು. ಬಳಸಿದ ಕಾರಿನ ಸ್ಟೀರಿಂಗ್ ಬಲಕ್ಕಿರಬೇಕು, ಅಲ್ಲಿಯದು ಎಡಕ್ಕೆ. ಮಗ ಬಂದರೆ ಸಾಕು ಅಂತ ಹೇಳಿದೆ.

ಏಪ್ರಿಲ್‌ನಲ್ಲಿ ಅತ್ಯಾನ ಹೆಸರಿನ ಆರ್.ಸಿ. ಬಂತು, ಅವರ ಹೆಸರಿಗೇ ಹೊಸ ವಿಮೆ ಮಾಡಿಸಿದೆ. ಮೇ ರಜೆಯಲ್ಲಿ ಮಗಳನ್ನು ಕರೆದುಕೊಂಡು ಅದೇ ಕಾರಿನಲ್ಲಿ ಧಾರವಾಡಕ್ಕೆ ಹೋದೆ. ಮಾರಾಟದ ಫಾರ್ಮುಗಳಿಗೆ ಸಹಿ ಬೇಕಿತ್ತು. ಅತ್ಯಾ ಆರ್.ಸಿ. ಕಾರ್ಡನ್ನು ಸೆರಗಿನಿಂದ ಒರೆಸಿ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮನೆ ಮಾಮಾನ ಹೆಸರಿನಲ್ಲಿ, ಗ್ಯಾಸ್ ಮಾಮಾನ ಹೆಸರಿನಲ್ಲಿ, ಕರೆಂಟ್ ಬಿಲ್ಲು ಇನ್ನೂ ಅವರ ಮಾವನ ಹೆಸರಿನಲ್ಲಿ.

"ಸಹಿ ಮಾಡ್ತೇನಿ. ಹದಿನೈದು ದಿನ ತಡಿ ಅಲಾ. ನನ್ನ ಹೆಸರ್ಲೆ ಇರ್ಲಿ" ಅಂದರು.

ರಜೆ ಇತ್ತು, ತಡೆದೆ. ಶನಿವಾರ ನುಗ್ಗೀಕೇರಿ ಹನುಮಪ್ಪನ ಗುಡಿಗೆ ಹೊರಟೆವು. ನಾನು ಹಿಂದಿನ ಬಾಗಿಲು ತೆಗೆದು ನಿಂತೆ, ಯಾವಾಗಲೂ ಅವರು ಅಲ್ಲೇ ಕೂರುತ್ತಿದ್ದರು. ಅತ್ಯಾ ಅದನ್ನು ಮುಚ್ಚಿ, ಮುಂದೆ ಬಂದು ಕೂತು, ಬೆಲ್ಟ್ ಹಾಕುವುದು ಹೇಗೆ ಅಂತ ಕೇಳಿದರು.