ಮೈಲುತುತ್ತದ ಲೆಕ್ಕ ಯಾರ ಖಾತೆಗೆ?

(ಉಮ್ಮಚಗಿಯಲ್ಲಿ ಸೇರಿದ್ದ ಅಡಿಕೆ ಬೆಳೆಗಾರರ ಸಭೆಯಲ್ಲಿ ಆಡಿದ ಮಾತು)



ರಾಸಾಯನಿಕ ಬೇಕೋ ಬೇಡವೋ ಎಂಬ ಬಗ್ಗೆ ಮಾತಾಡಲು ನನ್ನನ್ನು ನಿಲ್ಲಿಸಿದ್ದೀರಿ. ಹೀಗೆ ಒಟ್ಟಾರೆ ಕೇಳಿದರೆ ಉತ್ತರ ಹೇಳುವುದು ಬಹಳ ಸುಲಭ. ಪೇಟೆಯಲ್ಲಿ ಕುಳಿತು ಬರೆಯುವವನು ಬೇಡ ಅನ್ನುತ್ತಾನೆ. ಔಷಧಿ ಅಂಗಡಿಯವನು ಬೇಕು ಅನ್ನುತ್ತಾನೆ. ಇಬ್ಬರಿಗೂ ತೋಟ ಇಲ್ಲ. ತೋಟ ಇರುವವರು, ಸೊಸೈಟಿಯಲ್ಲಿ ಸಾಲದ ಖಾತೆ ಇರುವವರು ನಾವು. ಆದ್ದರಿಂದ ಒಂದೊಂದು ಔಷಧಿಯನ್ನೂ ಬೇರೆ ಬೇರೆಯಾಗಿ ತಕ್ಕಡಿಗೆ ಹಾಕುವ ಕೆಲಸ ನಮ್ಮದು.

ಮೊದಲು ಮೈಲುತುತ್ತವನ್ನೇ ತಗೊಳ್ಳೋಣ. ಕೊಳೆ ಬಂದ ವರ್ಷ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ತೋಟಕ್ಕೆ ಹೋದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ ಉದುರಿ ಬಿದ್ದಿರುತ್ತದೆ. ಮಗಳ ಮದುವೆಯೂ ಸಾಲದ ಕಂತೂ ಅದರ ಜತೆಗೇ ಬಿದ್ದ ಹಾಗೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟದವರು ಹೊಡೆಯುತ್ತಿದ್ದ ಬೋರ್ಡೋ ದ್ರಾವಣ ನಮ್ಮ ಅಡಿಕೆಗೂ ಆಗುತ್ತದೆಂದು ತೋರಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕತ್ತಿ ಅದ್ದಿ ನೋಡಿದರೆ ಕೆಂಪು ಹಿಡಿಯಬಾರದು, ಹಿಡಿದರೆ ಸುಣ್ಣ ಸಾಲದು. ಈ ಔಷಧಿ ನಮ್ಮ ಸೀಮೆಯನ್ನು ಉಳಿಸಿದೆ. ಈ ಮಾತನ್ನು ಹೇಳದೆ ಮುಂದಿನದನ್ನು ಹೇಳಿದರೆ ಅದು ಅಪ್ರಾಮಾಣಿಕತೆ.

ಇನ್ನು ಮುಂದಿನದು. ಮೈಲುತುತ್ತದಲ್ಲಿ ಕಾಲು ಪಾಲು ತಾಮ್ರ. ನಾನು ಎಕರೆಗೆ ಒಂದು ಸಲಕ್ಕೆ ಐನೂರು ಲೀಟರ್ ಹೊಡೆಯುತ್ತೇನೆ. ಅಂದರೆ ಐದು ಕಿಲೋ ಮೈಲುತುತ್ತ, ಅದರಲ್ಲಿ ಒಂದೂಕಾಲು ಕಿಲೋ ತಾಮ್ರ. ಮಳೆಗಾಲಕ್ಕೆ ಎರಡು ಸಲವಾದರೆ ಎರಡೂವರೆ ಕಿಲೋ. ಮೂವತ್ತು ವರ್ಷಕ್ಕೆ ಎಪ್ಪತ್ತೈದು ಕಿಲೋ! ನಮ್ಮ ಅಜ್ಜಿಯ ಸ್ನಾನದ ಹಂಡೆಗಳನ್ನು ಕರಗಿಸಿ ಸುರಿದರೂ ಅಷ್ಟಾಗಲಿಕ್ಕಿಲ್ಲ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಸ್ವಲ್ಪ ಮಳೆನೀರಿನೊಂದಿಗೆ ಹಳ್ಳಕ್ಕೆ ಹೋಗಿ ಬೇಡ್ತಿ ಸೇರೀತು, ಸ್ವಲ್ಪ ಬೆಳೆಯ ಜತೆ ಹೋದೀತು. ಉಳಿದದ್ದು ಮೇಲ್ಮಣ್ಣಿನ ಗೊಬ್ಬರಕ್ಕೆ ಅಂಟಿಕೊಂಡು ಅಲ್ಲೇ ಕೂರುತ್ತದೆ. ಹೆಚ್ಚಾದರೆ ಎರೆಹುಳ ದೂರವಾಗುತ್ತದೆ, ಮಣ್ಣಿನ ಸೂಕ್ಷ್ಮ ಜೀವಿಗಳು ಸೊರಗುತ್ತವೆ. ನಮ್ಮಂಥ ಹುಳಿ ಮಣ್ಣಿನಲ್ಲಿ ಅದರ ಉಪದ್ರವ ಹೆಚ್ಚು. ಯುರೋಪಿನವರು 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಎಂದು ಮಿತಿ ಹಾಕಿದ್ದಾರೆ. ವರ್ಷಕ್ಕೆ ನಾಲ್ಕು ಕಿಲೋ ಆಯಿತು. ನನ್ನ ಲೆಕ್ಕ ಹೆಕ್ಟೇರಿಗೆ ಆರು ಕಿಲೋ ದಾಟುತ್ತದೆ. ಅವರ ಮಳೆ ಬೇರೆ, ನಮ್ಮ ಮಳೆ ಬೇರೆ, ಒಪ್ಪುತ್ತೇನೆ. ಆದರೆ ಲೆಕ್ಕವನ್ನೇ ಇಡದೆ ಇರುವುದಕ್ಕೆ ಅದು ನೆಪವಾಗಬಾರದು.

ಲೆಕ್ಕ ಇಡುವುದು ಈ ಸೀಮೆಗೆ ಹೊಸದಲ್ಲ. ಬೇಡ್ತಿಗೆ ಅಣೆಕಟ್ಟು ಕಟ್ಟುತ್ತೇವೆಂದು ಸರ್ಕಾರ ಹೊರಟಾಗ 1981ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿಯ ಮುಂದಾಳತ್ವದಲ್ಲಿ ವಿಜ್ಞಾನಿಗಳನ್ನು ಕರೆಸಿ ಲಾಭ-ನಷ್ಟ ತೂಗಿಸಿದವರು ಇಲ್ಲಿಯ ಬೆಳೆಗಾರರೇ. ಮುಳುಗುವ ತೋಟ, ಕಾಡು ಸರ್ಕಾರದ ಲೆಕ್ಕದಲ್ಲಿ ಸರಿಯಾಗಿ ಬಂದಿಲ್ಲ ಎಂದು ತೋರಿಸಿದರು. ಆ ಯೋಜನೆ ಅಂದು ನಿಂತಿತು. ಸರ್ಕಾರಕ್ಕೆ ಕೇಳಿದ ಪ್ರಶ್ನೆಯನ್ನು ನಮ್ಮ ಸ್ವಂತ ಸ್ಪ್ರೇ ಪಂಪಿಗೂ ಕೇಳಬೇಕಲ್ಲವೆ?

ಲೆಕ್ಕದಲ್ಲಿ ಬಿಟ್ಟುಹೋದದ್ದು ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಕಾಸರಗೋಡನ್ನು ನೋಡಿ. ಎಣ್ಮಕಜೆ ಪಂಚಾಯತದ ಪಡ್ರೆ ನಮ್ಮ ಊರಿನ ಹಾಗೇ ಇರುವ ಊರು. ಕನ್ನಡ ಮಾತಾಡುವ ಜನ, ಅಡಿಕೆ ತೋಟ, ಸುರಂಗದ ನೀರು. ಗುಡ್ಡದ ಮೇಲೆ ಕೇರಳ ಸರ್ಕಾರದ ಪ್ಲಾಂಟೇಶನ್ ನಿಗಮದ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಹನಿ ಬಿದ್ದದ್ದು ಕೆಳಗಿನವರ ಬಾವಿಗೆ, ದನದ ಹುಲ್ಲಿಗೆ. ಅಂಗವಿಕಲ ಕರುಗಳು ಹುಟ್ಟುವುದನ್ನು 1979ರಷ್ಟು ಹಿಂದೆಯೇ ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಮನೆಮನೆಯಲ್ಲಿ ಕಾಯಿಲೆ ಕಂಡ ಡಾಕ್ಟರ್ ಮೋಹನ್ ಕುಮಾರ್ ಕೂಗಿ ಹೇಳಿದರು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಪೀಡಿತರಿಗೆ ತಲಾ ಐದು ಲಕ್ಷ ಕೊಡಿ ಎಂದದ್ದು 2017ರಲ್ಲಿ. ನಮ್ಮದೇ ರಾಜ್ಯದಲ್ಲಿ ಬೆಳ್ತಂಗಡಿ ಕಡೆಯ ಕೊಕ್ಕಡದವರದೂ ಇದೇ ಕಥೆ. ಅಲ್ಲಿ ಗೇರುಬೀಜದ ಲಾಭ ಒಬ್ಬರ ಖಾತೆಗೆ, ನಷ್ಟ ಇನ್ನೊಬ್ಬರ ಮಗುವಿನ ಖಾತೆಗೆ ಹೋಯಿತು. ನಮ್ಮಲ್ಲಿ ಹಾಗಲ್ಲ. ಹೊಡೆಯುವವರೂ ನಾವೇ, ತೋಟದ ಬುಡದ ಬಾವಿ ನೀರು ಕುಡಿಯುವವರೂ ನಾವೇ. ಕೊನೆಗೌಡ ಮಾತ್ರ ನಡುವೆ ಮೈಯೆಲ್ಲ ನೀಲಿ ಮಾಡಿಕೊಂಡು ಇಳಿಯುತ್ತಾನೆ. ಅವನಿಗೆ ಒಂದು ಕನ್ನಡಕ, ಒಂದು ಕೈಗವಸು ಕೊಟ್ಟವರು ಈ ಸಭೆಯಲ್ಲಿ ಎಷ್ಟು ಮಂದಿ?

ಈಗ ಕಳೆನಾಶಕ. ನಾನೂ ಹೊಡೆದಿದ್ದೇನೆ, ಸುಳ್ಳು ಹೇಳುವುದಿಲ್ಲ. ಆಳು ಸಿಗಲಿಲ್ಲ, ಅಂಗಡಿಯಲ್ಲಿ ಸಾಲಕ್ಕೆ ಕ್ಯಾನು ಸಿಕ್ಕಿತು. ಮೂರು ವರ್ಷ ತೋಟ ಗುಡಿಸಿದ ಅಂಗಳದ ಹಾಗೆ ಚೆಂದ ಕಂಡಿತು. ಮೂರನೇ ಮಳೆಗೆ ಬಸಿಗಾಲುವೆಯಲ್ಲಿ ಕೆಂಪು ನೀರು ಹರಿಯಿತು. ಮಣ್ಣು ಹಿಡಿಯಲು ಹುಲ್ಲಿನ ಬೇರೇ ಇರಲಿಲ್ಲ. ಬೆಟ್ಟದಿಂದ ಹೊತ್ತು ತಂದು ಹಾಕಿದ ಸೊಪ್ಪು, ಗೊಬ್ಬರ ಎಲ್ಲ ಅದರ ಜತೆ ಹೋಯಿತು. ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಬಹುಶಃ ಕ್ಯಾನ್ಸರ್ ತರುವಂಥದ್ದು ಎಂದಿತು, ಅಮೆರಿಕದ ಇಲಾಖೆ ಅಲ್ಲ ಎಂದಿತು. ಆ ವಾದ ಅವರು ಮುಗಿಸಿಕೊಳ್ಳಲಿ. ನನಗೆ ಕೆಂಪು ನೀರೇ ಸಾಕಾಯಿತು. ಇದನ್ನು ಬಿಟ್ಟರೆ ಒಂದು ಕಾಯಿಯೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಮೊದಲು ಬಿಡಬೇಕಾದ್ದು ಇದು. ಹುಲ್ಲು ಕೊಯ್ದು ಅಲ್ಲೇ ಹಾಸಿ.

ಹಾಗಂತ ನಾಳೆಯೇ ಎಲ್ಲ ಬಿಡಿ ಎನ್ನುವವರ ಮಾತೂ ಬೇಡ. ಶ್ರೀಲಂಕಾದಲ್ಲಿ 2021ರ ಏಪ್ರಿಲಿನಲ್ಲಿ ಒಮ್ಮೆಲೇ ರಾಸಾಯನಿಕ ಗೊಬ್ಬರ ನಿಲ್ಲಿಸಿದರು. ಭತ್ತ, ಚಹ ಎರಡೂ ಕುಸಿದವು, ನವೆಂಬರಿನಲ್ಲಿ ಆದೇಶ ಹಿಂದೆ ತಗೊಂಡರು. ಅಷ್ಟರಲ್ಲಿ ರೈತ ಮುಳುಗಿದ್ದ. ಇಲ್ಲಿಯೂ ಜೀವಾಮೃತವನ್ನು ಮನೆಯ ಸಗಣಿ, ಗೋಮೂತ್ರ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟಿನಿಂದ ಮಾಡಿಕೊಂಡರೆ ಖರ್ಚು ಕಡಿಮೆ, ಮಣ್ಣಿಗೆ ಒಳ್ಳೆಯದು. ಆದರೆ ಅದು ಕೊಳೆಗೆ ಮದ್ದಲ್ಲ. ಸಾವಯವ ಎಂದು ಚೀಟಿ ಅಂಟಿಸಿದ ಬಾಟಲಿಗೆ ಸಾಲ ಮಾಡಿದರೆ ಅದೂ ಸಾಲವೇ, ಬಡ್ಡಿ ಒಂದೇ.

ಕೊಳೆಗೆ ನಮ್ಮ ಹಿರಿಯರ ಬಳಿ ಇದ್ದದ್ದು ಕೊಟ್ಟೆ. ಹಾಳೆಯದ್ದೋ ಕರಡದ್ದೋ ಕೊಟ್ಟೆ ಮಾಡಿ ಮಳೆಗೆ ಮುಂಚೆ ಕೊನೆಗೆ ಕಟ್ಟುತ್ತಿದ್ದರು. ನೀರು ತಾಗದಿದ್ದರೆ ಕೊಳೆ ಇಲ್ಲ, ಅಷ್ಟೇ ಶಾಸ್ತ್ರ. ಈಚೆಗೆ ಪ್ಲಾಸ್ಟಿಕ್ ಕೊಟ್ಟೆಯೂ ಬಂತು. ನಾನು ಎರಡು ವರ್ಷದಿಂದ ಹಳ್ಳದ ಪಕ್ಕದ, ಬಿಸಿಲು ಬೀಳದ, ಪ್ರತಿ ವರ್ಷ ಕೊಳೆ ಮೊದಲು ಹಿಡಿಯುವ ನೂರು ಮರಕ್ಕೆ ಮಾತ್ರ ಕೊಟ್ಟೆ ಕಟ್ಟಿಸಿದ್ದೇನೆ. ಅಲ್ಲಿ ಮೈಲುತುತ್ತ ಇಲ್ಲ. ಕಾಯಿ ನಿಂತಿದೆ. ಮರ ಹತ್ತುವುದು ಒಂದೇ ಸಲ, ಆದರೆ ಪ್ರತಿ ಮರದಲ್ಲಿ ಕೆಲಸ ಹೆಚ್ಚು, ಕೂಲಿಯೂ ಹೆಚ್ಚು. ಇಡೀ ತೋಟಕ್ಕೆ ಕಟ್ಟುವಷ್ಟು ಕೊನೆಗೌಡರು ಈ ಹೋಬಳಿಯಲ್ಲೇ ಇಲ್ಲ.

ಇಲ್ಲೇ ಬೆಲೆಯ ಮಾತು ಬರುತ್ತದೆ. 1980ರಿಂದ ನಮ್ಮ ಚಳವಳಿ ವೈಜ್ಞಾನಿಕ ಬೆಲೆ ಕೇಳುತ್ತ ಬಂದಿದೆ. ಉತ್ಪಾದನಾ ವೆಚ್ಚ ಹಾಕುವಾಗ ಗೊಬ್ಬರ, ಔಷಧಿ, ಕೂಲಿ ಬರೆಯುತ್ತೇವೆ. ಮಣ್ಣಿನ ಸವಕಳಿಯನ್ನು ಯಾರೂ ಬರೆಯುವುದಿಲ್ಲ. ಸೊಸೈಟಿಯಲ್ಲಿ ಔಷಧಿಗೆ ಸಾಲ ಸುಲಭವಾಗಿ ಹುಟ್ಟುತ್ತದೆ, ಕೊಟ್ಟೆ ಕಟ್ಟುವ ಕೂಲಿಗೆ ಹುಟ್ಟುವುದಿಲ್ಲ. ಆಡಳಿತ ಮಂಡಳಿಯಲ್ಲಿ ಕುಳಿತವರು ನಮ್ಮವರೇ. ಬರುವ ವಾರ್ಷಿಕ ಸಭೆಯಲ್ಲಿ ಇದನ್ನು ಕೇಳಬೇಕು. ನಾನಂತೂ ಕೇಳುತ್ತೇನೆ, ಜತೆಗೆ ಹತ್ತು ಜನ ಎದ್ದು ನಿಂತರೆ ಒಳ್ಳೆಯದು.

ಇನ್ನೊಂದು ಸಣ್ಣ ಕೆಲಸ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ನಿಮ್ಮಲ್ಲಿ ಹಲವರ ಕಪಾಟಿನಲ್ಲಿದೆ. ಅದರಲ್ಲಿ ತಾಮ್ರ ಎಂಬ ಸಾಲಿದೆ. ಎದುರಿಗೆ ‘ಸಾಕಷ್ಟಿದೆ’ ಎಂದು ಬರೆದಿರುತ್ತಾರೆ, ವಿಪರೀತ ಆಗಿದೆಯೋ ಎಂದು ಬರೆಯುವುದಿಲ್ಲ. ಅಂಕಿಯನ್ನು ನೋಡಿ. ಚೀಟಿ ಇಲ್ಲದವರು ಮಳೆ ಹಿಡಿಯುವ ಮುಂಚೆ ತೋಟದ ಏಳೆಂಟು ಕಡೆ ಮರದ ಕೋಲಿನಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕಟ್ಟಿಡಿ. ಔಷಧಿ ಕಲಸಿದ ಬಕೆಟ್ಟಿನಲ್ಲಿ ಮಾತ್ರ ಬೆರೆಸಬೇಡಿ. ಒಂದು ದಿನ ಗೊತ್ತು ಮಾಡಿ, ಎಲ್ಲರದ್ದನ್ನೂ ಒಂದೇ ಗಾಡಿಯಲ್ಲಿ ಪರೀಕ್ಷೆಗೆ ಕಳಿಸೋಣ. ಸರ್ವೆ ನಂಬರು ಬರೆಯಲು ಮರೆಯಬೇಡಿ.