ಪುಸ್ತಕ ಮುಚ್ಚಿದ ಮೇಲಿನ ಓದು



ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಮಿಡಿ ತೂಗುವ ಕಾಲಕ್ಕೆ ನಮ್ಮ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರುತ್ತದೆ. ಆಗ ಮಠಕ್ಕೆ ಬರುವ ತಾಯಂದಿರ ಮಾತು ಒಂದೇ: "ಬುದ್ಧೀ, ಹುಡುಗ ರಾತ್ರಿಯೆಲ್ಲ ಓದುತ್ತಾನೆ, ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎಲ್ಲ ಮರೆತುಹೋಗುತ್ತದೆ. ಆಶೀರ್ವಾದ ಮಾಡಿ." ಆಶೀರ್ವಾದಕ್ಕೇನು ಬಡತನ? ಆದರೆ ಆಶೀರ್ವಾದವು ಉತ್ತರ ಬರೆಯುವುದಿಲ್ಲ. ಮರೆವು ಏಕೆ ಬರುತ್ತದೆಂಬುದನ್ನು ತಿಳಿಯಬೇಕು.

ಕೋಲಾರದ ಬೆಟ್ಟದ ಅಂತರಗಂಗೆಯನ್ನು ನೀವೆಲ್ಲ ಕಂಡಿದ್ದೀರಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಆ ನೀರು ಬಸವನ ಬಾಯಲ್ಲಿ ಹುಟ್ಟಿದ್ದಲ್ಲ. ಬೆಟ್ಟದೊಳಗೆ ಸೇರಿದ್ದು, ದಾರಿಯಿರುವುದರಿಂದ ಹೊರಬರುತ್ತದೆ. ಓದುವುದೆಂದರೆ ಒಳಗೆ ನೀರು ತುಂಬುವುದು. ಅದು ಹೊರಬರುವ ದಾರಿಯನ್ನು ಬೇರೆಯಾಗಿಯೇ ಕಡಿಯಬೇಕು. ಒಂದೇ ಪುಟವನ್ನು ಹತ್ತು ಸಲ ಓದಿದರೆ ಪುಟದ ಪರಿಚಯವಾಗುತ್ತದೆ. ಪರಿಚಯವನ್ನೇ ಜ್ಞಾನವೆಂದು ಬಗೆದು ಮೋಸ ಹೋಗುತ್ತೇವೆ.

೨೦೧೬ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ ನೋಡಿದರು. ಕೆಲವರು ಪದಗಳನ್ನೂ ಚಿತ್ರಗಳನ್ನೂ ಮತ್ತೆ ಮತ್ತೆ ನೋಡಿ ಕಲಿತರು. ಕೆಲವರು ನೋಡದೆ ನೆನಪಿಸಿಕೊಂಡು ಕಲಿತರು. ಮರುದಿನ ಅವರಲ್ಲಿ ಹಲವರನ್ನು ಜನರೆದುರು ನಿಲ್ಲಿಸಿ, ಭಾಷಣ ಮಾಡಿಸಿ, ಲೆಕ್ಕ ಬಿಡಿಸಹೇಳಿ ಗಾಬರಿಪಡಿಸಿದರು. ನೋಡಿ ಕಲಿತವರ ನೆನಪು ಗಾಬರಿಯಲ್ಲಿ ಕುಗ್ಗಿತು. ನೆನಪಿಸಿಕೊಂಡು ಕಲಿತವರದು ಕುಗ್ಗಲಿಲ್ಲ.

ಆದುದರಿಂದ ಮಕ್ಕಳೇ, ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ತೋಚಿದ್ದನ್ನು ಬರೆಯಿರಿ. ಅನಂತರ ತೆರೆದು, ಬಿಟ್ಟುಹೋದದ್ದನ್ನು ಗುರುತಿಸಿ. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಮಾಡಿ. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಬರಹ ಕನ್ನಡ. ಚಿಂತೆಯಿಲ್ಲ. ಅಡಿಗೆ ಮಾಡುವ ಅಮ್ಮನಿಗೆ ತೆಲುಗಿನಲ್ಲೇ ಪಾಠ ಹೇಳಿ. ಆಮೇಲೆ ಕನ್ನಡದಲ್ಲಿ ಬರೆಯಿರಿ.

ಪರೀಕ್ಷೆಯ ಮೊದಲ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದಲೆಂದೇ ಇದೆ. ಪೂರ್ತಿ ಓದಿ. ಬಲ್ಲದ್ದಕ್ಕೆ ಗುರುತು ಹಾಕಿ, ಅದರಿಂದಲೇ ಆರಂಭಿಸಿ. ತೋಚದಿದ್ದರೆ ಹೋರಾಡಬೇಡಿ, ಜಾಗ ಬಿಟ್ಟು ಮುಂದೆ ಹೋಗಿ, ಮತ್ತೆ ಬನ್ನಿ. ಎದೆ ಹೊಡೆದುಕೊಂಡರೆ ಲೇಖನಿ ಕೆಳಗಿಟ್ಟು ನಾಲ್ಕು ಸಲ ನಿಧಾನವಾಗಿ ಉಸಿರು ಬಿಡಿ. ಈ ಕ್ರಮವನ್ನೂ ಮನೆಯಲ್ಲಿ ಗಡಿಯಾರವಿಟ್ಟು ರೂಢಿಮಾಡಿ. ನಿತ್ಯ ಲಿಂಗಪೂಜೆ ಮಾಡುವವನಿಗೆ ಮನಸ್ಸು ನಿಲ್ಲಿಸುವುದು ಹೊಸದಲ್ಲ. ಸಂಕಟ ಬಂದಾಗ ಮಾತ್ರ ಕಣ್ಣು ಮುಚ್ಚುವವನಿಗೆ ಕತ್ತಲೆಯಷ್ಟೇ ಕಾಣುತ್ತದೆ.

ಇನ್ನು ತಂದೆತಾಯಿಗಳಿಗೆ ಒಂದು ಮಾತು. ನಾವೂ ಬಾಲ್ಯದಲ್ಲಿ ಗಣಿತದ ಪರೀಕ್ಷೆಯಲ್ಲಿ ಒಂದು ಗಂಟೆ ಖಾಲಿ ಹಾಳೆ ನೋಡುತ್ತ ಕುಳಿತವರೇ. ಹೆದರಿ ಹೆದರಿ ಮನೆಗೆ ಹೋದರೆ ತಂದೆಯವರು ಕೇಳಿದ್ದು ಒಂದೇ: "ಊಟ ಮಾಡಿದೆಯಾ?" ಮಾರನೆಯ ದಿನದ ಪರೀಕ್ಷೆಯನ್ನು ನಮ್ಮಿಂದ ಬರೆಸಿದ್ದು ಆ ಮಾತು.

ಮಾಲೂರು ತಾಲ್ಲೂಕಿನ ಮಾಸ್ತಿಯವರು ಎಂ.ಎ. ಪದವಿ ಪಡೆದು, ಮೈಸೂರು ಸಿವಿಲ್ ಸರ್ವೀಸ್ ಸೇರಿ, ೧೯೮೩ರ ಜ್ಞಾನಪೀಠದವರೆಗೆ ನಡೆದರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಆದರೂ ಮೈಸೂರು ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇಬ್ಬರೂ ಈ ಜಿಲ್ಲೆಯ ಮಣ್ಣಿನವರೇ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವನ್ನೂ ಸರ್ಕಾರ ಕೊಟ್ಟಿದೆ. ಪರೀಕ್ಷೆ ಮತ್ತೆ ಬರುತ್ತದೆ. ಮನನೊಂದು ಕೈತಪ್ಪಿದ ಮಗು ಮತ್ತೆ ಬರುವುದಿಲ್ಲ. ಆದುದರಿಂದ ಪರೀಕ್ಷೆಯಿಂದ ಬಂದ ಮಗುವನ್ನು ಅಂಕ ಕೇಳಬೇಡಿ, ಊಟ ಕೇಳಿ.